ಲಾರಿ ಯಾರ ಕೈಗೆ ಎಟುಕುತ್ತದೆ? ಹೊಸದೋ ಹಳೆಯದೋ, ಡ್ರೈವರಿಗೋ ಸಂಬಳದವರಿಗೋ

ಆಯುಧಪೂಜೆ ಹತ್ತಿರ ಬಂತು ಅಂದರೆ ನನ್ನ ಮೇಜಿನ ಮುಂದೆ ಒಂದೇ ಪ್ರಶ್ನೆ ಬಂದು ಕೂರುತ್ತದೆ. "ಸರ್, ನನ್ನ ಆದಾಯಕ್ಕೆ ಲಾರಿ ಬರುತ್ತಾ?" ಹೊಸಪೇಟೆಯಲ್ಲಿ ಲಾರಿ ಮಾಲೀಕರ ಲೆಕ್ಕ ಬರೆಯುವುದು, ಅವರ ತೆರಿಗೆ ರಿಟರ್ನ್ ಹಾಕುವುದು ನನ್ನ ಕೆಲಸ. ಕೇಳುವವರಲ್ಲಿ ಡ್ರೈವರುಗಳಿದ್ದಾರೆ, ರೈತರಿದ್ದಾರೆ, ಗಿರಣಿಯವರಿದ್ದಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗನನ್ನು ಫೋನಿನಲ್ಲಿ ಹಿಡಿದುಕೊಂಡೇ ಬರುವ ಅಪ್ಪಂದಿರೂ ಇದ್ದಾರೆ.

ಆದಾಯ ಎಷ್ಟು ಅಂತ ನಾನು ಮೊದಲು ಕೇಳುವುದಿಲ್ಲ. "ಲಾರಿ ನಾಲ್ಕು ತಿಂಗಳು ಮನೆ ಮುಂದೆ ನಿಂತರೆ ಕಂತಿನ ದುಡ್ಡು ಎಲ್ಲಿಂದ ತರುತ್ತೀರಿ?" ಅಂತ ಕೇಳುತ್ತೇನೆ. ಹೊಸ ಲಾರಿಯೋ ಹಳೆಯದೋ, ಆರು ಗಾಲಿಯೋ ಹತ್ತು ಗಾಲಿಯೋ ಅನ್ನುವುದೆಲ್ಲ ಈ ಉತ್ತರದ ಮೇಲೆ ನಿಂತಿರುತ್ತದೆ.

ಇದನ್ನು ನನಗೆ ಕಲಿಸಿದ್ದು ನಮ್ಮ ಸೋದರಮಾವ. 2007ರ ಸುಮಾರಿಗೆ ಸಂಡೂರು, ಹೊಸಪೇಟೆ ಕಡೆ ಅದಿರಿನ ಕೆಲಸ ಹಗಲೂ ರಾತ್ರಿ ನಡೆಯುತ್ತಿತ್ತು. ಮಾವ ಒಂದು ಟಿಪ್ಪರ್ ತಗೊಂಡರು. ಗಣಿಯಿಂದ ರೈಲ್ವೆ ಸೈಡಿಂಗಿಗೆ ದಿನಕ್ಕೆ ಎಷ್ಟು ಟ್ರಿಪ್ ಹೊಡೆದರೂ ಲೋಡು ಮುಗಿಯುತ್ತಿರಲಿಲ್ಲ. ಕೈಗೆ ಬರುತ್ತಿದ್ದ ದುಡ್ಡು ನೋಡಿದರೆ ಇನ್ನೊಂದು ಟಿಪ್ಪರ್ ಆರಾಮಾಗಿ ಬರುತ್ತಿತ್ತು. ಅದನ್ನೂ ತಗೊಂಡರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತಿಗೆ ತಡೆ ಹಾಕಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿ ಕೆಲಸವನ್ನೇ ನಿಲ್ಲಿಸಿತು. ಎರಡೂ ಟಿಪ್ಪರ್ ಮನೆ ಮುಂದೆ ನಿಂತವು. ಐದನೇ ತಿಂಗಳಿಗೆ ಫೈನಾನ್ಸಿನವರು ಸೀಜ್ ಮಾಡಿಕೊಂಡು ಹೋದರು. ಅತ್ತೆ ಅವತ್ತು ಗಾಡಿಯ ಮುಂದೆ ಕಟ್ಟಿದ್ದ ನಿಂಬೆಹಣ್ಣಿನ ದಾರ ಬಿಚ್ಚಿ ಇಟ್ಟುಕೊಂಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅದೇ ಬೀದಿಯಲ್ಲಿ ಇನ್ನೊಬ್ಬರಿದ್ದರು. ಅವರದ್ದು ಒಂದೇ ಲಾರಿ, ಮರದ ಬಾಡಿಯ ಹತ್ತು ಗಾಲಿ. ಅದೂ ಅದಿರನ್ನೇ ಹೊರುತ್ತಿತ್ತು, ಅದೂ ನಿಂತಿತು. ಆದರೆ ಅವರ ಹೆಂಡತಿ ಪ್ರೈಮರಿ ಶಾಲೆಯ ಟೀಚರ್. ಏಳು ತಿಂಗಳು ಆ ಸಂಬಳದಲ್ಲೇ ಕಂತು ಹೋಯಿತು. ಆಮೇಲೆ ಅವರು ಗಂಗಾವತಿ ಕಡೆಯ ಅಕ್ಕಿ ಲೋಡು ಹಿಡಿದರು. ಟಿಪ್ಪರ್‌ನಲ್ಲಿ ಅಕ್ಕಿ ಮೂಟೆ ಹೇರಿ ಬೆಂಗಳೂರಿಗೆ ಹೋಗಲು ಆಗುತ್ತಾ? ಬಾಡಿ ಲಾರಿಯಲ್ಲಿ ಆಯಿತು. ತಿಂಗಳ ದುಡಿಮೆಯಲ್ಲಿ ನಮ್ಮ ಮಾವ ಅವರಿಗಿಂತ ಎಷ್ಟೋ ಮುಂದಿದ್ದರು. ಲಾರಿ ಉಳಿದಿದ್ದು ಮಾತ್ರ ಅವರದ್ದು.

ಹೊಸ ಲಾರಿ, ಹಳೆ ಲಾರಿ

ಲೆಕ್ಕಕ್ಕೆ ಅಂತ ಎರಡು ಗಾಡಿ ಎದುರಿಗೆ ಇಟ್ಟುಕೊಳ್ಳೋಣ. ದರ ಕಂಪನಿಗೆ, ಮಾಡೆಲ್ಲಿಗೆ ತಕ್ಕಂತೆ ಬದಲಾಗುತ್ತದೆ. ಲೆಕ್ಕದ ದಾರಿ ಬದಲಾಗುವುದಿಲ್ಲ.

ಮೊದಲನೆಯದು ಹೊಸ ಹತ್ತು ಗಾಲಿ ಲಾರಿ. ಚಾಸಿ, ಬಾಡಿ ಎಲ್ಲ ಸೇರಿ 40 ಲಕ್ಷ ಅನ್ನಿ. ಕೈಯಿಂದ 4 ಲಕ್ಷ ಹಾಕಿ, 36 ಲಕ್ಷ ಸಾಲ ಮಾಡಿದಿರಿ. ಬಡ್ಡಿ 10 ಪರ್ಸೆಂಟ್, ಅವಧಿ ಐದು ವರ್ಷ. ಕಂತು ತಿಂಗಳಿಗೆ ಸುಮಾರು 76,500 ರೂಪಾಯಿ. ಐದು ವರ್ಷಕ್ಕೆ ಬಡ್ಡಿಯೇ ಹತ್ತಿರ ಹತ್ತಿರ 10 ಲಕ್ಷ. ತಿಂಗಳ ಕಂತನ್ನು ದಿನಕ್ಕೆ ಹಂಚಿ ನೋಡಿ. ದಿನಕ್ಕೆ 2,550 ರೂಪಾಯಿ ಬರುತ್ತದೆ. ಅನ್‌ಲೋಡಿಗೆ ಅಂತ ಯಾವುದೋ ಗೋಡೌನ್ ಮುಂದೆ ಮೂರು ದಿನ ಕಾದರೆ 7,650 ರೂಪಾಯಿ ಸುಮ್ನೆ ಹೋದಂತೆ. ಡ್ರೈವರ್ ಬತ್ತಾ ಬೇರೆ.

ಎರಡನೆಯದು ಆರು ವರ್ಷ ಓಡಿದ ಹಳೆ ಲಾರಿ. ಬೆಲೆ 15 ಲಕ್ಷ ಅನ್ನಿ. ಹಳೆ ಗಾಡಿಗೆ ಸಾಲ ಕೊಡುವವರು ಪೂರ್ತಿ ಕೊಡುವುದಿಲ್ಲ. ನಿಮ್ಮ ಕೈಯಿಂದ 4.5 ಲಕ್ಷ, ಸಾಲ 10.5 ಲಕ್ಷ. ಬಡ್ಡಿ ಜಾಸ್ತಿ, ಅವಧಿ ಕಮ್ಮಿ. 16 ಪರ್ಸೆಂಟ್, ಮೂರು ವರ್ಷ ಅಂದರೆ ಕಂತು ಸುಮಾರು 36,900. ದಿನಕ್ಕೆ 1,230.

ಕೈಯಿಂದ ಹಾಕುವ ದುಡ್ಡು ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ ಇದೆ, ನೋಡಿದಿರಾ? ಅದಕ್ಕೇ ಜನ ಹೊಸದರ ಕಡೆ ವಾಲುತ್ತಾರೆ. "ಅಷ್ಟೇ ದುಡ್ಡಿಗೆ ಹೊಸದೇ ಬರುತ್ತಲ್ಲ" ಅನ್ನುತ್ತಾರೆ. ಆದರೆ ನಾಲ್ಕು ತಿಂಗಳು ಗಾಡಿ ನಿಂತರೆ ಹಳೆಯದಕ್ಕೆ ಒಂದೂವರೆ ಲಕ್ಷ ಇದ್ದರೆ ಸಾಕು. ಹೊಸದಕ್ಕೆ ಮೂರು ಲಕ್ಷ ಬೇಕು. ಆ ಮೂರು ಲಕ್ಷ ಬೇರೆಯಾಗಿ ಇಲ್ಲದವರು ಹೊಸದಕ್ಕೆ ಕೈ ಹಾಕಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಳೆ ಲಾರಿಗೂ ಅದರದ್ದೇ ತೊಂದರೆ ಇದೆ. ಹತ್ತು ಗಾಲಿಯ ಗಾಡಿಗೆ ಸ್ಟೆಪ್ನಿ ಬಿಟ್ಟು ಹತ್ತು ಟೈರು. ಒಂದೊಂದಕ್ಕೂ 20 ಸಾವಿರದ ಮೇಲೆ ಬೀಳುತ್ತದೆ. ಮಾರುವವರು ಟೈರು ಸವೆದ ಮೇಲೇ ಮಾರುವುದು ಜಾಸ್ತಿ. ಗಾಡಿ ರಸ್ತೆಗಿಳಿಯಲು ಯೋಗ್ಯ ಅಂತ ಆರ್‌ಟಿಒ ಕೊಡುವ ಎಫ್‌ಸಿ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 15 ವರ್ಷ ದಾಟಿದ ಗಾಡಿಯ ಎಫ್‌ಸಿ ಶುಲ್ಕವನ್ನು 2022ರಲ್ಲಿ ಒಂದೇ ಸಲಕ್ಕೆ ಬಹಳ ಏರಿಸಿದರು. ಆ ವಯಸ್ಸಿನ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕಂತಿನ ಮೇಲೆ ತಗೋಬೇಡಿ. 2020ರ ಏಪ್ರಿಲ್‌ಗಿಂತ ಮುಂಚಿನ ಬಿಎಸ್4 (ಹಳೆ ಹೊಗೆ ನಿಯಮದ) ಗಾಡಿಗೆ ಆ್ಯಡ್‌ಬ್ಲೂ (ಹೊಗೆ ಶುದ್ಧ ಮಾಡಲು ಹಾಕುವ ದ್ರವ) ಖರ್ಚು, ಸೆನ್ಸರ್ ರಗಳೆ ಕಮ್ಮಿ ಅಂತ ಮೆಕ್ಯಾನಿಕ್‌ಗಳು ಇಷ್ಟಪಡುತ್ತಾರೆ. ಸಾಲ ಕೊಡುವವರು ಅಷ್ಟು ಇಷ್ಟಪಡುವುದಿಲ್ಲ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ತೆರಿಗೆ ಬಿಟ್ಟು 30 ಲಕ್ಷ ಇರುವ ಗಾಡಿಗೆ 3 ಲಕ್ಷ ಉಳಿತಾಯ. ಹಳೆ ಗಾಡಿ ಮಾರುವವರಲ್ಲಿ ಕೆಲವರು ಇನ್ನೂ ಅದಕ್ಕಿಂತ ಹಿಂದಿನ ದರವನ್ನೇ ಹೇಳುತ್ತಾರೆ. ಹೊಸದೇ ಇಷ್ಟು ಇಳಿದಿದೆಯಲ್ಲ ಅಂತ ಕೂತು ಮಾತಾಡಿ.

ಬ್ಯಾಂಕು, ಫೈನಾನ್ಸು

ಮೂರು ವರ್ಷದ ರಿಟರ್ನ್, ಸ್ವಂತ ಮನೆ, ಒಳ್ಳೆಯ ಸಿಬಿಲ್ ಇದ್ದರೆ ಬ್ಯಾಂಕಿಗೆ ಹೋಗಿ. ಬಡ್ಡಿ ಕಮ್ಮಿ. ಇದ್ಯಾವುದೂ ಇಲ್ಲದ ಡ್ರೈವರಿಗೆ ಬ್ಯಾಂಕಿನ ಬಾಗಿಲು ತೆರೆಯುವುದು ಕಷ್ಟ. ಇಂಥವರಿಗೆ ಹಳೆ ಲಾರಿಗೆ ಸಾಲ ಕೊಟ್ಟೇ ದೊಡ್ಡದಾಗಿ ಬೆಳೆದ ಕಂಪನಿಗಳು ದಕ್ಷಿಣ ಭಾರತದಲ್ಲಿವೆ. ಅವರು ಕಾಗದಕ್ಕಿಂತ ಲೈಸೆನ್ಸಿಗೆ ಎಷ್ಟು ವರ್ಷ ಆಗಿದೆ, ಯಾರ ಬಳಿ ದುಡಿದಿದ್ದಾರೆ, ಶ್ಯೂರಿಟಿ ಯಾರು ಅಂತ ನೋಡುತ್ತಾರೆ. ಅದಕ್ಕೆ ತಕ್ಕ ಬಡ್ಡಿಯನ್ನೂ ಹಾಕುತ್ತಾರೆ.

ಇಲ್ಲಿ ಒಂದು ಕಡೆ ದಯವಿಟ್ಟು ಎಚ್ಚರ ಇರಲಿ. "ಬರೀ 9 ಪರ್ಸೆಂಟ್" ಅಂದರೆ ಖುಷಿಪಡುವ ಮೊದಲು ಅದು ಕೊನೆಯ ತನಕ ಪೂರ್ತಿ ಸಾಲದ ಮೇಲೇ ಹಾಕುವ ಫ್ಲಾಟ್ ಬಡ್ಡಿಯೋ, ಉಳಿದ ಅಸಲಿನ ಮೇಲೆ ಹಾಕುವ ಬಡ್ಡಿಯೋ ಅಂತ ಕೇಳಿ. 10.5 ಲಕ್ಷಕ್ಕೆ 9 ಪರ್ಸೆಂಟ್ ಫ್ಲಾಟ್ ಅಂದರೆ ಮೂರು ವರ್ಷಕ್ಕೆ ಬಡ್ಡಿ 2,83,500. ಕಂತು 37,042. ಮೇಲೆ ಹೇಳಿದ 16 ಪರ್ಸೆಂಟಿನ ಕಂತಿಗಿಂತ ಇದೇ ಸ್ವಲ್ಪ ಜಾಸ್ತಿ! ನನ್ನ ಬಳಿ ಬಂದ ಎಷ್ಟೋ ಜನರಿಗೆ ಇದು ಗೊತ್ತಾಗಿದ್ದು ಸಹಿ ಹಾಕಿದ ಮೇಲೆ. ಬಡ್ಡಿಯ ಪರ್ಸೆಂಟ್ ಪಕ್ಕಕ್ಕಿಡಿ. ಕಂತು ಎಷ್ಟು, ಎಷ್ಟು ತಿಂಗಳು, ಒಟ್ಟು ಎಷ್ಟು ಕಟ್ಟಬೇಕು ಅಂತ ಬರೆಸಿಕೊಂಡು ಎರಡು ಕಡೆಯದನ್ನು ಹೋಲಿಸಿ.

ಯಾವ ಕೆಲಸದವರಿಗೆ ಯಾವುದು

ಡ್ರೈವರ್ ಕೈಯಲ್ಲಿ ದುಡ್ಡು ಕಮ್ಮಿ ಇರುತ್ತದೆ. ಆದರೆ ಬೇರೆ ಯಾರ ಬಳಿಯೂ ಇಲ್ಲದ ಬಂಡವಾಳ ಅವರಲ್ಲಿದೆ. ಡೀಸೆಲ್ ಕಳ್ಳತನ ಇಲ್ಲ, ಡ್ರೈವರ್ ಸಂಬಳ ಇಲ್ಲ, ಯಾವ ಬ್ರೋಕರ್ ಬ್ಯಾಲೆನ್ಸ್ ಕೊಡದೆ ಸತಾಯಿಸುತ್ತಾನೆ ಅಂತಲೂ ಗೊತ್ತು. ಗೇರ್ ಹಾಕುವಾಗಿನ ಸದ್ದಿನಲ್ಲೇ ಹಳೆ ಗಾಡಿಯ ಆರೋಗ್ಯ ತಿಳಿಯುತ್ತದೆ. ಹಾಗಾಗಿ ಹಳೆ ಆರು ಗಾಲಿ ಲಾರಿ ಅವರಿಗೆ ಹೇಳಿ ಮಾಡಿಸಿದ್ದು. ಲಾರಿಯೂ ಭಾರ ಅನಿಸಿದರೆ ಸಣ್ಣ ಗೂಡ್ಸ್ ಗಾಡಿಯಿಂದ ಶುರುಮಾಡಬಹುದು. ರಾಜ್ಯ ಸರ್ಕಾರದ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಪರಿಶಿಷ್ಟರಿಗೆ, ಅಲ್ಪಸಂಖ್ಯಾತರಿಗೆ ಗಾಡಿ ಕೊಳ್ಳಲು ಸಹಾಯಧನ ಇದೆ. ಜಿಲ್ಲೆಯ ನಿಗಮದ ಕಚೇರಿಯಲ್ಲಿ ವಿಚಾರಿಸಿ.

ರೈತರ ಕಷ್ಟ ಬೇರೆ. ನಮ್ಮ ತುಂಗಭದ್ರಾ ಕಾಲುವೆ ಕೆಳಗಿನ ಭತ್ತದ ರೈತರಿಗೆ ವರ್ಷಕ್ಕೆ ಒಂದೋ ಎರಡೋ ಸಲ ಒಟ್ಟಿಗೆ ದುಡ್ಡು ಬರುತ್ತದೆ. ಅವರಿಗೆ ಟ್ರ್ಯಾಕ್ಟರ್ ಸಾಲದ ಅಭ್ಯಾಸ ಇರುತ್ತದೆ. ಅಲ್ಲಿ ಸುಗ್ಗಿಗೆ ಸರಿಯಾಗಿ ಆರು ತಿಂಗಳಿಗೊಮ್ಮೆ ಕಟ್ಟಿದರೂ ನಡೆಯುತ್ತದೆ. ಲಾರಿಯ ಕಂತು ಹಾಗಲ್ಲ. ತಿಂಗಳ ತಿಂಗಳ ಬರುತ್ತದೆ. ಭತ್ತ ಮಾರಿದ ದುಡ್ಡಲ್ಲಿ ಮುಂಗಡ ಕಟ್ಟಿ ಲಾರಿ ತಂದವರು ನಾಲ್ಕನೇ ತಿಂಗಳಿಗೆ ಕೈಗಡ ಕೇಳಲು ಶುರುಮಾಡಿದ್ದನ್ನು ನಾನು ತುಂಬಾ ನೋಡಿದ್ದೇನೆ. ಸುಗ್ಗಿಯ ದುಡ್ಡಲ್ಲಿ ಆರು ತಿಂಗಳ ಕಂತನ್ನು ಬೇರೆ ಖಾತೆಯಲ್ಲಿ ಇಟ್ಟು ಆಮೇಲೆ ಶೋರೂಮಿಗೆ ಹೋಗಿ. ಇನ್ನೊಂದು ವಿಷಯ. ಮಳೆ ಕೈಕೊಟ್ಟ ವರ್ಷ ಬೆಳೆಯೂ ಹೋಗುತ್ತದೆ, ಬೆಳೆ ಹೊರುವ ಲೋಡೂ ಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ, ಗದ್ದೆಯೂ ಲಾರಿಯೂ ಇದ್ದವರು ಎರಡು ಪಟ್ಟು ಹೆದರಿದರು. ಗೇಟು ಕೂರಿಸಿದ ಮೇಲೇ ಅವರಿಗೆ ಊಟ ಸೇರಿದ್ದು. ರೈತರು ಲಾರಿ ತಗೊಂಡರೆ ಭತ್ತ, ಅಕ್ಕಿ ಬಿಟ್ಟು ಬೇರೆ ಲೋಡೂ ಸಿಗುವ ಹಾಗೆ ನೋಡಿಕೊಳ್ಳಬೇಕು. ಸಿಮೆಂಟು, ಕಬ್ಬಿಣ, ಗೊಬ್ಬರ, ಯಾವುದಾದರೂ ಸರಿ. ಜಮೀನಿನ ಪತ್ರವನ್ನು ಮಾತ್ರ ಲಾರಿಗಾಗಿ ಅಡ ಇಡಬೇಡಿ.

ಗಿರಣಿಯವರು, ವ್ಯಾಪಾರಿಗಳಿಗೆ ಸ್ವಂತ ಲೋಡಿದೆ. ಹೊಸ ಲಾರಿ ಧೈರ್ಯವಾಗಿ ತಗೋಬಹುದಾದವರು ಇವರೇ. ತೆರಿಗೆ ಬೀಳುವ ಸರಕಿನ ವ್ಯಾಪಾರ ಆದರೆ ಲಾರಿಗೆ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಹಿಡಿದುಕೊಳ್ಳಬಹುದು. ಬಾಡಿಗೆಗೆ ಬಿಡುವ ಸಾಮಾನ್ಯ ಮಾಲೀಕರಿಗೆ ಆ ಅನುಕೂಲ ಇಲ್ಲ. ಆದಾಯ ತೆರಿಗೆಯಲ್ಲಿ ಉಲ್ಟಾ. ಬಾಡಿಗೆಗೆ ಓಡುವ ಲಾರಿಗೆ ಸವಕಳಿ (ಗಾಡಿ ಸವೆಯುವುದಕ್ಕೆ ಅಂತ ವರ್ಷಕ್ಕೆ ಆದಾಯದಲ್ಲಿ ಕಳೆಯಲು ಬಿಡುವ ಮೊತ್ತ) 30 ಪರ್ಸೆಂಟ್, ಸ್ವಂತ ಸರಕು ಹೊರುವ ಲಾರಿಗೆ 15. ಆದರೂ ನಾನು ಗಿರಣಿಯವರಿಗೆ ಒಂದು ಪ್ರಶ್ನೆ ಹಾಕುತ್ತೇನೆ. ಹೋಗುವಾಗ ನಿಮ್ಮ ಅಕ್ಕಿ, ಬರುವಾಗ ಏನು? ಬರುವಾಗ ಖಾಲಿ ಅಂದರೆ ಹೊರಗಿನ ಲಾರಿಗೆ ಬಾಡಿಗೆ ಕೊಡುವುದೇ ಅಗ್ಗ.

ಸಂಬಳದವರ ವಿಷಯಕ್ಕೆ ಬರೋಣ. ಐಟಿ ಕೆಲಸದವರು, ದುಬೈ, ಮಸ್ಕತ್‌ನಲ್ಲಿ ದುಡಿಯುವವರು ಊರಲ್ಲಿ ಅಪ್ಪನಿಗೋ ತಮ್ಮನಿಗೋ ಲಾರಿ ಕೊಡಿಸಲು ಬರುತ್ತಾರೆ. ಬ್ಯಾಂಕು ಇವರಿಗೆ ಕರೆದು ಸಾಲ ಕೊಡುತ್ತದೆ. ಲಾರಿ ನಿಂತರೂ ಸಂಬಳ ನಿಲ್ಲುವುದಿಲ್ಲ, ಅಷ್ಟರಮಟ್ಟಿಗೆ ಇವರೇ ಗಟ್ಟಿ. ಆದರೆ ಗಾಡಿ ಕಣ್ಣ ಮುಂದೆ ಇರುವುದಿಲ್ಲ. ಜಿಪಿಎಸ್ ಹಾಕಿದರೆ ಲಾರಿ ಎಲ್ಲಿದೆ ಅಂತ ಗೊತ್ತಾಗುತ್ತದೆ, ಯಾಕೆ ನಿಂತಿದೆ ಅಂತ ಗೊತ್ತಾಗುವುದಿಲ್ಲ. ಬಂದ ಲಾಭದಲ್ಲಿ ಕಂತು ಕಟ್ಟಿಕೊಳ್ಳುತ್ತದೆ ಅಂತ ನಂಬಿ ಲಾರಿ ತಗೋಬೇಡಿ. ಪೂರ್ತಿ ಕಂತನ್ನು ಸಂಬಳದಿಂದಲೇ ಕಟ್ಟುವ ಶಕ್ತಿ ಇದೆಯಾ ನೋಡಿ. ಮನೆ ಸಾಲ ಆಗಲೇ ಇದ್ದರೆ ಬೇಡ. ನಂಬುವ ಡ್ರೈವರ್ ಸಿಕ್ಕರೆ ಬರೀ ಸಂಬಳ ಕೊಡದೆ ಲಾಭದಲ್ಲಿ ಪಾಲು ಕೊಡಿ. ನಾನು ಲೆಕ್ಕ ಬರೆಯುವ ಇಂಥ ಗಾಡಿಗಳಲ್ಲಿ ಚೆನ್ನಾಗಿ ನಡೆದವು ಪಾಲುದಾರಿಕೆಯವೇ. ಸರ್ಕಾರಿ ನೌಕರರು ಮಾತ್ರ ತಮ್ಮ ಹೆಸರಲ್ಲಿ ಲಾರಿ ತಗೊಂಡು ಬಾಡಿಗೆಗೆ ಬಿಡುವ ಮೊದಲು ಇಲಾಖೆಯ ನಡತೆ ನಿಯಮ ಓದಬೇಕು. ಅನುಮತಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ.

ಸರ್ಕಾರಿ ಕೆಲಸ ಹಿಡಿಯುವ ಕಂಟ್ರಾಕ್ಟರುಗಳಿಗೆ ಟಿಪ್ಪರ್ ಬೇಕೇ ಬೇಕು ಅನಿಸುತ್ತದೆ. ಬಿಲ್ಲು ಪಾಸಾಗುವುದು ಯಾವಾಗಲೋ, ಕಂತು ಪ್ರತಿ ತಿಂಗಳು. ಎರಡನೇ ಕೆಲಸ ಕೈಗೆ ಸಿಗುವ ತನಕ ಬಾಡಿಗೆ ಟಿಪ್ಪರ್‌ನಲ್ಲೇ ನಡೆಸಿ.

ಲೋಡು ನೋಡಿ ಗಾಡಿ ನೋಡಿ

ನಮ್ಮ ಊರಿನಿಂದ ಬೆಂಗಳೂರು ಒಂದು ಲೆಕ್ಕ, ಬೆಂಗಳೂರಿಂದ ಮುಂಬೈ ಇನ್ನೊಂದು. ಮುಂಬೈ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್. ಹೋಗಿ ಬಂದರೆ ಎರಡು ಸಾವಿರ. ಹತ್ತು ಗಾಲಿ ಲೋಡ್ ಗಾಡಿ ಲೀಟರಿಗೆ 4 ಕಿಲೋಮೀಟರ್ ಕೊಟ್ಟರೆ 500 ಲೀಟರ್ ಬೇಕು. ಲೀಟರಿಗೆ 91 ರೂಪಾಯಿ ಹಿಡಿದರೂ ಡೀಸೆಲ್ಲಿಗೇ 45,500. ಟೋಲ್ ಬೇರೆ. ರಿಟರ್ನ್ ಲೋಡು ಸಿಗಲಿಲ್ಲ ಅಂದರೆ ಹೋಗುವಾಗ ದುಡಿದಿದ್ದನ್ನು ಬರುವಾಗ ರಸ್ತೆಗೆ ಸುರಿದಂತೆ. ಡೀಸೆಲ್ ಮೇಲಿನ ರಾಜ್ಯದ ತೆರಿಗೆ 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಏರಿತು. ಲಾರಿ ಮಾಲೀಕರು ಮುಷ್ಕರ ಮಾಡಿದ್ದು ನಿಮಗೂ ನೆನಪಿರಬಹುದು. ಡೀಸೆಲ್ ಏರಿದ ದಿನವೇ ಬಾಡಿಗೆ ಏರುವುದಿಲ್ಲ. ಆ ನಡುವಿನ ತಿಂಗಳುಗಳನ್ನು ಮಾಲೀಕರೇ ಹೊರಬೇಕು.

ಕಾರ್ಖಾನೆಯ ಕಾಂಟ್ರಾಕ್ಟ್ ಲೋಡಿಗೆ ದರ ಕಮ್ಮಿ, ದುಡ್ಡು ಬರುವುದು ತಡ, ಆದರೆ ತಿಂಗಳಿಗೆ ಇಷ್ಟು ಟ್ರಿಪ್ ಅಂತ ಇರುತ್ತದೆ. ಬ್ರೋಕರ್ ಕೊಡುವ ಮಾರ್ಕೆಟ್ ಲೋಡಿಗೆ ಹಬ್ಬದ ಮುಂಚೆ ಒಳ್ಳೆ ದರ, ಮಳೆಗಾಲದಲ್ಲಿ ಗಾಡಿ ಸಾಲುಗಟ್ಟಿ ನಿಂತಿರುತ್ತವೆ. ಕಂತು ಜಾಸ್ತಿ ಇರುವವರು ಕಾಂಟ್ರಾಕ್ಟ್ ಹುಡುಕಲಿ. ಸಾಲ ತೀರಿದ ಗಾಡಿಯವರು ಮಾರ್ಕೆಟ್‌ನಲ್ಲಿ ಆಡಬಹುದು. ಹೋಗುವ ದಾರಿಯೂ ಲೆಕ್ಕಕ್ಕೆ ಬರಬೇಕು. ಮಂಗಳೂರು ಬಂದರಿನ ಲೋಡು ನಂಬಿದವರಿಗೆ ಮಳೆಗಾಲದಲ್ಲಿ ಶಿರಾಡಿ ಘಾಟಿ ಯಾವಾಗ ಕುಸಿಯುತ್ತದೆ ಅಂತ ಹೇಳಲಾಗದು. ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಹೊರುವವರಿಗೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ದಾರಿ ಮುಚ್ಚಿರುತ್ತದೆ. ಅದಿರಿನ ಕೆಲಸ ಈಗ ಮತ್ತೆ ನಡೆಯುತ್ತಿದೆ ನಿಜ. ಆದರೆ ಗಣಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪೈಪ್ ಕನ್ವೇಯರ್, ಅಂದರೆ ಅದಿರನ್ನು ಸಾಗಿಸುವ ಉದ್ದನೆಯ ಬೆಲ್ಟು, ಬಂದಿದೆ. ಮೊದಲು ಲಾರಿ ಹೊರುತ್ತಿದ್ದುದರಲ್ಲಿ ದೊಡ್ಡ ಪಾಲನ್ನು ಅದು ಹೊರುತ್ತಿದೆ. ಅದಿರು ನಂಬಿ ಹೊಸ ಟಿಪ್ಪರ್ ತಗೊಳ್ಳುತ್ತೇನೆ ಅಂತ ಬರುವ ಹುಡುಗರಿಗೆ ನಾನು ಮಾವನ ಮನೆಯ ದಾರಿ ತೋರಿಸುತ್ತೇನೆ. ಅವರೇ ಕೂರಿಸಿಕೊಂಡು ಮಾತಾಡುತ್ತಾರೆ.

ರಿಟರ್ನ್ ಹಾಕುವುದನ್ನು ಮೊದಲ ವರ್ಷದಿಂದಲೇ ಶುರುಮಾಡಿ. ಹತ್ತು ಲಾರಿ ಮೀರದವರಿಗೆ ಪುಸ್ತಕ ಬರೆಯುವ ತಾಪತ್ರಯ ಇಲ್ಲದ ದಾರಿ ಇದೆ. 12 ಟನ್ ಮೀರಿದ ಲಾರಿಗೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಲೆಕ್ಕದಲ್ಲಿ ಆದಾಯ ತೋರಿಸಿದರೆ ಸಾಕು. 28 ಟನ್ನಿನ ಹತ್ತು ಗಾಲಿಗೆ ತಿಂಗಳಿಗೆ 28,000. ಸಣ್ಣ ಗಾಡಿಗೆ 7,500. ಎರಡನೇ ಗಾಡಿಗೆ ಬ್ಯಾಂಕಿಗೆ ಹೋದಾಗ ಈ ಕಾಗದವೇ ನಿಮ್ಮ ಪರವಾಗಿ ಮಾತಾಡುವುದು.

ಕೊಳ್ಳುವ ಮೊದಲ ಆರು ತಿಂಗಳು

ಸಂಬಳದವರಿಗೆ, ವ್ಯಾಪಾರಿಗಳಿಗೆ ನಾನು ಹೇಳುವುದು ಇಷ್ಟು. ಲಾರಿ ತರುವ ಮೊದಲು ಆರು ತಿಂಗಳು ಕಂತಿನಷ್ಟು ದುಡ್ಡನ್ನು ಪ್ರತಿ ತಿಂಗಳ 5ನೇ ತಾರೀಕಿಗೆ ಬೇರೆ ಖಾತೆಗೆ ಹಾಕಿ. 76,500ರಂತೆ ಹಾಕಿದರೆ 4,59,000 ಆಗುತ್ತದೆ. ಒಂದು ತಿಂಗಳು ತಪ್ಪಿದರೂ ಗಾಡಿಯ ಸೈಜು ಇಳಿಸಿ.

ಡ್ರೈವರಿಗೆ ಇದು ಆಗದ ಮಾತು. ಅವರಿಗೆ ದಾರಿ ತೋರಿಸಿದ್ದು ಕೂಡ್ಲಿಗಿ ಕಡೆಯ ಒಬ್ಬ ಡ್ರೈವರ್ ಅಣ್ಣ. ಹನ್ನೊಂದು ವರ್ಷ ಬೇರೆಯವರ ಗಾಡಿ ಓಡಿಸಿದ್ದರು. ಹೊಸ ಹನ್ನೆರಡು ಗಾಲಿ ತಗೊಳ್ಳುವ ಆಸೆ. ಆರು ತಿಂಗಳು ಮಾಲೀಕರ ಗಾಡಿಯನ್ನೇ ತನ್ನದು ಅಂದುಕೊಂಡು ಲೆಕ್ಕ ಬರೆದಿದ್ದರು. ಕಿಲೋಮೀಟರ್, ಡೀಸೆಲ್, ಟೋಲ್, ಹಮಾಲಿ, ಪಂಕ್ಚರ್, ಎಲ್ಲವೂ ಅದರಲ್ಲಿತ್ತು. ಕೊನೆಯ ಪುಟದಲ್ಲಿ ಬರೀ ಗೀಟುಗಳು. ಅದೇನು ಅಂತ ಕೇಳಿದೆ. "ಗಾಡಿ ನಿಂತ ದಿನ, ಸರ್" ಅಂದರು. ಇಬ್ಬರೂ ಕೂತು ಎಣಿಸಿದೆವು. 61 ಇದ್ದವು. ಅವತ್ತೇ ಹನ್ನೆರಡು ಗಾಲಿಯ ಮಾತು ಬಿಟ್ಟು ಹಳೆ ಆರು ಗಾಲಿ ನೋಡಲು ಹೊರಟರು.

ಆ ಸಾಲ ಹೋದ ಯುಗಾದಿಗೆ ತೀರಿತು. ಎನ್‌ಒಸಿ ತಂದು, ಆರ್‌ಸಿಯಿಂದ ಫೈನಾನ್ಸಿನ ಹೆಸರು ತೆಗೆಸಿದ ದಿನ ಪೇಡ ಹಿಡಿದುಕೊಂಡು ಬಂದಿದ್ದರು. ಈಗ ಎರಡನೇ ಗಾಡಿಯ ಯೋಚನೆಯಲ್ಲಿದ್ದಾರೆ. ಹೋದ ವಾರ ಮತ್ತೆ ಪುಸ್ತಕ ತಂದು ನನ್ನ ಮೇಜಿನ ಮೇಲೆ ಇಟ್ಟರು. ಈ ಸಲ ಆರು ತಿಂಗಳಿಗೆ 38 ಗೀಟು. ಹತ್ತು ಗಾಲಿ ಹೊಸದು ತಡೆಯುತ್ತದಾ ಅಂತ ಇನ್ನೂ ಲೆಕ್ಕ ಹಾಕುತ್ತಿದ್ದೇವೆ.